ಹೊಸ ಗಣಿತ ಪುಸ್ತಕ ಪಾಠ ಮಾಡುತ್ತಿರುವವರು ಹೇಳಿ: ಎಷ್ಟು ಲೆಕ್ಕ ಮಾಡಿಸಿದರೆ ಸಾಕು?

ಮೈಸೂರು ಟೀಚರ್

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಎನ್‌ಸಿಇಆರ್‌ಟಿಯ ಹೊಸ ಗಣಿತ ಪುಸ್ತಕ ‘ಗಣಿತ ಪ್ರಕಾಶ್’ 2024ರಲ್ಲಿ 6ನೇ ತರಗತಿಗೆ ಬಂತು. 2025ರಲ್ಲಿ 7 ಮತ್ತು 8ಕ್ಕೂ ಬಂತು. ಮೊದಲ ವರ್ಷ ಪುಸ್ತಕ ಕೈಗೆ ಸಿಗುವ ಹೊತ್ತಿಗೆ ಶಾಲೆ ಶುರುವಾಗಿ ತಿಂಗಳುಗಳೇ ಕಳೆದಿದ್ದವು, ಆ ಗೋಳು ಬಿಡಿ. ಈಗ 6ರ ಪುಸ್ತಕ ಎರಡು ಸಲ ಪೂರ್ತಿ ಮುಗಿಸಿದ್ದೇನೆ, ಅದಕ್ಕೇ ಬರೆಯುವ ಧೈರ್ಯ ಮಾಡಿದೆ.

ಇಷ್ಟವಾದದ್ದು ಮೊದಲು. ಐದನೇ ಪಾಠದಲ್ಲಿ ಇಡ್ಲಿ-ವಡೆ ಆಟ ಇದೆ. ಮಕ್ಕಳು ಸುತ್ತ ಕೂತು ಎಣಿಸುತ್ತಾ ಹೋಗಬೇಕು. 3ರ ಮಗ್ಗಿಯಲ್ಲಿ ಬರುವ ಸಂಖ್ಯೆ ಆದರೆ ‘ಇಡ್ಲಿ’ ಅನ್ನಬೇಕು, 5ರ ಮಗ್ಗಿಯದ್ದಾದರೆ ‘ವಡೆ’, ಎರಡರಲ್ಲೂ ಬಂದರೆ ‘ಇಡ್ಲಿ-ವಡೆ’. ತಪ್ಪಿದವರು ಔಟ್. ಲ.ಸಾ.ಅ. (ಎರಡೂ ಮಗ್ಗಿಯಲ್ಲಿ ಬರುವ ಅತಿ ಚಿಕ್ಕ ಸಂಖ್ಯೆ) ಅನ್ನುವ ಪದವನ್ನೇ ಬಳಸದೆ ಲ.ಸಾ.ಅ. ಆಗಿಹೋಗುತ್ತದೆ. ನಮ್ಮ ಕ್ಲಾಸಿನ ಗಲಾಟೆ ಕೇಳಿ ಪಕ್ಕದ ಕ್ಲಾಸಿನ ಮೇಡಂ ಎರಡು ಸಲ ಬಂದು ಬಗ್ಗಿ ನೋಡಿ ಹೋದರು.

ಇನ್ನು ಕಷ್ಟ. ಹಳೆಯ 6ನೇ ತರಗತಿಯಲ್ಲಿದ್ದ ದಶಮಾಂಶ, ಬೀಜಗಣಿತ, ಅನುಪಾತ ಮೂರೂ ಈ 6ರಲ್ಲಿ ಇಲ್ಲ. ದಶಮಾಂಶವೂ ಅಕ್ಷರಗಳ ಲೆಕ್ಕವೂ 7ಕ್ಕೆ ಹೋಗಿವೆ, ಅನುಪಾತ 8ಕ್ಕೆ. ಆದರೆ ವಿಜ್ಞಾನದ ಕ್ಲಾಸಲ್ಲಿ ಮಕ್ಕಳು ಸ್ಕೇಲು ಹಿಡಿದು ಪೆನ್ಸಿಲ್ ಅಳೆದು ‘7 ಸೆಂ.ಮೀ. 4 ಮಿ.ಮೀ., ಇದನ್ನ 7.4 ಅಂತ ಬರೀಬಹುದಾ ಮಿಸ್’ ಅಂತ ಕೇಳುತ್ತಾರೆ. ಏನು ಹೇಳಲಿ, ಮುಂದಿನ ವರ್ಷ ಬರಿ ಅಂತಲಾ?

ಇನ್ನೊಂದು, ಅಭ್ಯಾಸದ ಲೆಕ್ಕಗಳು ಕಡಿಮೆ. ಯೋಚಿಸುವ ಪ್ರಶ್ನೆಗಳು ಬೇಕಾದಷ್ಟಿವೆ, ಚೆನ್ನಾಗಿಯೂ ಇವೆ. ಆದರೆ ಭಿನ್ನರಾಶಿ ಕೂಡುವುದು ಕೈಗೆ ಹತ್ತಬೇಕಾದರೆ ನಾಲ್ಕು ಲೆಕ್ಕ ಸಾಲುವುದಿಲ್ಲ. ಪ್ರತಿ ವಾರ ನಾನೇ ಲೆಕ್ಕ ಬರೆದು ಜೆರಾಕ್ಸ್ ಮಾಡಿಸಿ ಕೊಡುತ್ತೇನೆ, ದುಡ್ಡು ನನ್ನದೇ. ನೀವೆಲ್ಲ ಎಷ್ಟು ಲೆಕ್ಕ ಸೇರಿಸುತ್ತೀರಿ?

ನಿವೃತ್ತ ಮೇಷ್ಟ್ರು

ತಾಯಿ, ನಾಲ್ಕಲ್ಲ, ನಲವತ್ತು ಮಾಡಿಸಿ. ಈಗಿನವರಿಗೆ ನನ್ನ ಮಾತು ಹಿಡಿಸಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ನಾವು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ 20ರ ತನಕ ಮಗ್ಗಿ, ಆಮೇಲೆ ಕಾಲು, ಅರೆ, ಮುಕ್ಕಾಲು ಮಗ್ಗಿ ಹೇಳಿಸಿಕೊಂಡು ಬೆಳೆದವರು. ಮುಕ್ಕಾಲು ಮಗ್ಗಿ ಬಂದವನಿಗೆ ಭಿನ್ನರಾಶಿ ಬೇರೆ ಪಾಠ ಅಂತ ಅನಿಸುವುದೇ ಇಲ್ಲ.

ನಾನು ಕೆಲಸ ಮಾಡಿದ ಕಾಲದಲ್ಲಿ ಎಷ್ಟು ಸಲ ಪಠ್ಯ ಬದಲಾಯಿತು ಅಂದರೆ ಲೆಕ್ಕ ಇಟ್ಟಿಲ್ಲ. ಒಂದು ಕಾಲಕ್ಕೆ ‘ಗಣಗಳು’ ಅಂತ ದೊಡ್ಡ ಸಂಭ್ರಮದಿಂದ ಬಂತು. ಊರಿನ ಮೇಷ್ಟ್ರುಗಳೆಲ್ಲ ತರಬೇತಿಗೆ ಹೋಗಿ ಎರಡು ವೃತ್ತ ಒಂದರ ಮೇಲೊಂದು ಬರೆಯುವುದನ್ನು ಕಲಿತು ಬಂದೆವು. 50 ಮಕ್ಕಳಲ್ಲಿ ಕಬಡ್ಡಿ ಆಡುವವರು 30, ಖೋಖೋ ಆಡುವವರು 25, ಎರಡೂ ಆಡುವವರು 10, ಏನೂ ಆಡದವರು ಎಷ್ಟು. ಮಕ್ಕಳಿಗೆ ಇಷ್ಟವೂ ಆಗಿತ್ತು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಅದೂ ಇತ್ತು, ಎಷ್ಟು ಥರ ಜೋಡಿಸಬಹುದು, ಎಷ್ಟು ಥರ ಆರಿಸಬಹುದು ಅನ್ನುವ ಕ್ರಮಯೋಜನೆ-ವಿಕಲ್ಪವೂ ಇತ್ತು. ಆಮೇಲೆ ಎನ್‌ಸಿಇಆರ್‌ಟಿ ಪುಸ್ತಕದ ದಾರಿ ಹಿಡಿದೆವು, ಎರಡೂ ಹೋದವು. ಈಗ ಪಿಯುಸಿಗೆ ಹೋದ ಮೇಲೆಯೇ ಅವುಗಳ ಮುಖ ನೋಡುವುದು. ತಂದವರೂ ಕಾರಣ ಹೇಳಿದ್ದರು, ತೆಗೆದವರೂ ಕಾರಣ ಹೇಳಿದರು. ಮಗ್ಗಿ ಮಾತ್ರ ಯಾರೂ ತೆಗೆಯಲಿಲ್ಲ, ಯಾಕೆಂದರೆ ಯಾರೂ ಅದನ್ನು ಪುಸ್ತಕದಲ್ಲಿ ಪಾಠವಾಗಿ ಹಾಕಿಯೇ ಇರಲಿಲ್ಲ!

ಕೊಪ್ಪಳ ಮಾಸ್ತರ್

ಮೇಡಂ, ನಿಮ್ಮ ಸಮಸ್ಯೆ ಕೇಳಿ ಹೊಟ್ಟೆಕಿಚ್ಚಾಯ್ತು ನೋಡ್ರಿ. ನಾನು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮ, 6ರಿಂದ 8ರ ಗಣಿತ-ವಿಜ್ಞಾನ. ನಾವು ಪಾಠ ಮಾಡುವುದು ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದ ಕನ್ನಡ ರೂಪ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿದೆ. ಎನ್‌ಸಿಇಆರ್‌ಟಿ ಪುಸ್ತಕಗಳ ಮೇಲಿನ ಅವಲಂಬನೆ ಬಿಡಬೇಕು ಅಂತ ಅದರಲ್ಲಿದೆ. ಬಿಟ್ಟ ಮೇಲೆ ಏನು ಹಿಡೀಬೇಕು ಅನ್ನುವುದೇ ನಮ್ಮ ಚಿಂತೆ.

ಜೂನ್‌ನಲ್ಲಿ ಹಿಂದಿನ ವರ್ಷದ್ದು ಎಷ್ಟು ಬರುತ್ತದೆ ಅಂತ ನೋಡುವ ಸೇತುಬಂಧ ಪರೀಕ್ಷೆ ಮಾಡುತ್ತೇವಲ್ಲ, 8ನೇ ತರಗತಿಯಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬಾರದವರು ಅರ್ಧ ಕ್ಲಾಸ್. ನಮ್ಮ ಶಾಲೆಯ ಹಣೆಬರಹ ಮಾತ್ರ ಅಂದುಕೊಂಡಿದ್ದೆ. ಮಕ್ಕಳ ಕಲಿಕೆಯ ಸಮೀಕ್ಷೆ ಅಸರ್ 2024 ನೋಡಿದರೆ ಗ್ರಾಮೀಣ ಭಾರತದಲ್ಲಿ 8ನೇ ತರಗತಿಯವರಲ್ಲಿ ಭಾಗಾಕಾರ ಬರುವವರು ನೂರಕ್ಕೆ 45.8. ಅಂದರೆ ದೇಶಪೂರ್ತಿ ನನ್ನ ಕ್ಲಾಸೇ.

ಇಂಥ ಕಡೆ ‘ಅನ್ವೇಷಣೆ ಮಾಡಿಸಿ, ಮಕ್ಕಳೇ ಕಂಡುಹಿಡಿಯಲಿ’ ಅಂದರೆ ಏನು ಕಂಡುಹಿಡಿಯುತ್ತಾರೆ? ಮೇಷ್ಟ್ರು ಹೇಳಿದ್ದು ಸರಿ. ನನಗೆ ನಲವತ್ತು ಲೆಕ್ಕ ಬೇಕು.

ಹಾಂ, ಸಾಮಗ್ರಿ ಇಲ್ಲ ಅಂತ ಅಲ್ಲ. 4-5ನೇ ತರಗತಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ಕೊಟ್ಟಿದ್ದರು. ಒಳ್ಳೆಯ ಪೆಟ್ಟಿಗೆ ಅದು, ಮಣಿಕಟ್ಟು, ಭಿನ್ನರಾಶಿಯ ತುಂಡುಗಳು ಎಲ್ಲ ಇವೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಅದು ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿತ್ತು. ಒಂದು ತುಂಡು ಕಳೆದರೆ ಲೆಕ್ಕ ಯಾರು ಕೊಡಬೇಕು ಅಂತ ಹೆದರಿಕೆ. ಅದೊಂದು ಲೆಕ್ಕ ಎಲ್ಲರಿಗೂ ಬರ್ತಿತ್ತು.

ಬೆಳಗಾವಿ ಗಣಿತ ಸರ್

ನಾನೂ ಇದೇ ಪುಸ್ತಕ ಪಾಠ ಮಾಡುವವನು, 6ರಿಂದ 8. ಸ್ವಲ್ಪ ಬೇರೆ ಮಾತು ಹೇಳುತ್ತೇನೆ.

ದಶಮಾಂಶ ಮುಂದೆ ಹೋಗಿದ್ದು ತಪ್ಪಲ್ಲ. ಹತ್ತನೇ ಒಂದು ಅಂದರೆ ಏನು ಅಂತ ಗಟ್ಟಿಯಾಗದೆ 0.1 ಬರೆದರೆ, ಹುಡುಗರು 0.12 ದೊಡ್ಡದು 0.9 ಚಿಕ್ಕದು ಅಂತಲೇ ಹೇಳುವುದು. ಹನ್ನೆರಡು ಒಂಬತ್ತಕ್ಕಿಂತ ಜಾಸ್ತಿ ಅಲ್ವಾ ಅಂತ. 6ರಲ್ಲಿ ಭಿನ್ನರಾಶಿಯನ್ನು ನಿಧಾನ ಮಾಡಿ, 7ರಲ್ಲಿ ದಶಮಾಂಶಕ್ಕೆ ಬಂದಾಗ ನನಗೆ ಆ ತಪ್ಪು ಕಡಿಮೆ ಕಂಡಿತು. ಬೀಜಗಣಿತವೂ ಅಷ್ಟೆ. 7ರಲ್ಲಿ ಮೊದಲು ಬರೀ ಸಂಖ್ಯೆಗಳ ಉಕ್ತಿ (5+3×2 ಥರದ್ದು), ಆವರಣ ಇವೆಲ್ಲ ಒಂದು ಪಾಠ ಪೂರ್ತಿ ಮಾಡಿಸಿ, ಆಮೇಲೆ ಅಕ್ಷರ ತರುತ್ತಾರೆ. ಒಳ್ಳೆಯ ಕ್ರಮ.

ತಪ್ಪಿದ್ದು ಎಲ್ಲಿ ಅಂದರೆ ಜಾರಿಗೆ ತಂದ ರೀತಿಯಲ್ಲಿ. 2025ರಲ್ಲಿ 8ಕ್ಕೆ ಬಂದ ಮಕ್ಕಳನ್ನೇ ನೋಡಿ. ಅವರು ಓದಿದ್ದು ಹಳೆ 6, ಹಳೆ 7. ಒಮ್ಮೆಲೇ ಹೊಸ 8. ನಡುವೆ ಸೇತುವೆ ಅಂತ ಒಂದಿಷ್ಟು ದಿನ ಚಟುವಟಿಕೆ ಮಾಡಿಸಿದರು. ಇನ್ನೊಂದು ಬ್ಯಾಚ್, ಹಳೆಯ 5ರಲ್ಲಿ ಹತ್ತನೇ ಒಂದು, ನೂರನೇ ಒಂದು ಓದಿ ಬಂದವರು. 6ರಲ್ಲಿ ಅದರ ಸುದ್ದಿಯೇ ಇಲ್ಲ, 7ರಲ್ಲಿ ಮತ್ತೆ ಮೊದಲಿಂದ. ಪುಸ್ತಕಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಏಣಿ ಚೆನ್ನಾಗಿದೆ. ಹತ್ತುತ್ತಾ ಇದ್ದ ಮಕ್ಕಳ ಕಾಲ ಕೆಳಗಿನ ಮೆಟ್ಟಿಲನ್ನು ಬದಲಾಯಿಸಿದರು, ಅಷ್ಟೇ ತಕರಾರು.

ಮೈಸೂರು ಟೀಚರ್, ವಿಜ್ಞಾನದ ಕ್ಲಾಸಿನ ಆ 7.4 ಅನ್ನು ಬರೆಯಲು ಬಿಡಿ ಮೇಡಂ. 7 ಮತ್ತು ಹತ್ತನೇ ನಾಲ್ಕು, ಚುಕ್ಕೆ ಅದರ ಗುರುತು ಅಂದರೆ ಮುಗಿಯಿತು. ಮಗು ಕೇಳಿದ ಮೇಲೆ ಪಠ್ಯಕ್ರಮದ ಕಡೆ ಯಾಕೆ ನೋಡಬೇಕು.

ಇನ್ನು ಅಭ್ಯಾಸ. 6ನೇ ತರಗತಿಯ ಮೂರನೇ ಪಾಠದಲ್ಲಿ ಕಾಪ್ರೇಕರ್ ಸ್ಥಿರಾಂಕ 6174 ಇದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಹಿಡಿದದ್ದು. ಯಾವುದಾದರೂ ನಾಲ್ಕಂಕಿ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಇರಬಾರದು. ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಕಳೆಯಿರಿ. ಉತ್ತರಕ್ಕೂ ಹಾಗೇ ಮಾಡಿ. ಉದಾಹರಣೆಗೆ 3524:

5432 − 2345 = 3087
8730 − 0378 = 8352
8532 − 2358 = 6174

ಎಲ್ಲಿಂದ ಶುರು ಮಾಡಿದರೂ ಏಳು ಹೆಜ್ಜೆಯೊಳಗೆ 6174. ನಮ್ಮ ಹುಡುಗರು ಒಂದೇ ಪೀರಿಯಡ್‌ನಲ್ಲಿ ತಲಾ 15-20 ಕಳೆಯುವ ಲೆಕ್ಕ ಮಾಡಿದರು, ಯಾರೂ ಬೋರ್ ಅನ್ನಲಿಲ್ಲ. ಉತ್ತರ ತಿದ್ದುವ ಕೆಲಸವೂ ಇಲ್ಲ, 6174 ಬಂದರೆ ಸರಿ, ಬರದಿದ್ದರೆ ತಪ್ಪು. ನಲವತ್ತು ಲೆಕ್ಕ ಪುಸ್ತಕದೊಳಗೇ ಇದೆ, ಲೆಕ್ಕದ ವೇಷದಲ್ಲಿ ಇಲ್ಲ ಅಷ್ಟೇ.

ಶಿರಸಿ ಅಕ್ಕ

ಬೆಳಗಾವಿ ಸರ್, ಒಂದು ಕೊಂಕು. ನಾನೂ ಹಾಗೇ ಅಂದುಕೊಂಡಿದ್ದೆ, ಕ್ಲಾಸಲ್ಲಿ ಪೆಟ್ಟು ತಿಂದೆ. ‘6174 ಬಂದರೆ ಸರಿ’ ಅನ್ನುವ ಹಾಗಿಲ್ಲ.

ನಿಮ್ಮದೇ ಉದಾಹರಣೆ. ಎರಡನೇ ಹೆಜ್ಜೆಯಲ್ಲಿ ಒಬ್ಬ ಹುಡುಗ ಪಕ್ಕದ ಮನೆಯಿಂದ ಸಾಲ ತಂದ, ಆದರೆ ನೂರರ ಮನೆಯಲ್ಲಿ ಒಂದು ಇಳಿಸಲು ಮರೆತ. 8352ರ ಬದಲು 8452 ಬಂತು. ಅವನು ಹಾಗೇ ಮುಂದುವರಿಸಿದ: 6084, 8172, 7443, 3996, 6264, 4176, ಕೊನೆಗೆ 6174. ಬಂದೇಬಿಟ್ಟಿತು! ಯಾಕೆಂದರೆ 8452 ಕೂಡ ಒಂದು ನಾಲ್ಕಂಕಿ ಸಂಖ್ಯೆಯೇ ತಾನೆ, ಅದರ ದಾರಿಯೂ 6174ಕ್ಕೇ ಹೋಗುತ್ತದೆ. ಇಲ್ಲಿ ಒಟ್ಟು ಒಂಬತ್ತು ಹೆಜ್ಜೆ ಆಯ್ತು, ಏಳು ದಾಟಿತು, ಏನೋ ತಪ್ಪಿದೆ ಅಂತ ಗೊತ್ತಾಯ್ತು. ಎಲ್ಲಿ ಅಂತ ಗೊತ್ತಾಗಲಿಲ್ಲ. ಬೇರೆ ಸಂಖ್ಯೆ ಆಗಿದ್ದರೆ ಏಳರೊಳಗೇ ಬಂದು ನಮಗೆ ಟೋಪಿ ಹಾಕಬಹುದು.

ಇದಕ್ಕೆ ಮದ್ದು ಇದೆ. ಅದೇ ಅಂಕಿಗಳನ್ನು ಹಿಂದೆ ಮುಂದೆ ಮಾಡಿ ಕಳೆದರೆ ಉತ್ತರ ಯಾವಾಗಲೂ 9ರಿಂದ ಭಾಗವಾಗಬೇಕು. 3087, ಅಂಕಿ ಕೂಡಿದರೆ 18. 8352, 18. 6174, ಅದೂ 18. ಆ ಹುಡುಗನ 8452 ಕೂಡಿ ನೋಡಿ, 19. ಸಿಕ್ಕಿಬಿದ್ದ! ಸಾಲ ಇಳಿಸಲು ಒಂದು ಸಲ ಮರೆತರೆ ಉತ್ತರ 10, 100, ಅಥವಾ 1000 ಹೆಚ್ಚಾಗುತ್ತದೆ. ಇವು ಮೂರನ್ನೂ 9ರಿಂದ ಭಾಗಿಸಿದರೆ ಉಳಿಯುವುದು 1. ಹಾಗಾಗಿ ಈ ತಪ್ಪು ತಪ್ಪಿಸಿಕೊಳ್ಳುವುದಿಲ್ಲ. ಪ್ರತಿ ಹೆಜ್ಜೆಗೂ ಅಂಕಿ ಕೂಡಿ ನೋಡಿ ಮುಂದೆ ಹೋಗಿ ಅಂದೆ. ಆಮೇಲೆ ‘ಯಾಕೆ ಯಾವಾಗಲೂ 9 ಟೀಚರ್’ ಅಂತ ಒಬ್ಬಳು ಕೇಳಿದಳು ನೋಡಿ, ಒಂದು ವಾರ ಪಾಠಯೋಜನೆ ಎಲ್ಲ ಮೂಲೆಗೆ.

ನನ್ನ ತಕರಾರು ಇಲ್ಲೇ ಇರುವುದು. ಈ ಪುಸ್ತಕ ಆ ಒಂದು ವಾರವನ್ನು ಬೇಡುತ್ತದೆ. ವೇಳಾಪಟ್ಟಿ ಕೊಡುವುದಿಲ್ಲ. 40 ನಿಮಿಷದ ಪೀರಿಯಡ್, ಅದರಲ್ಲಿ ಹಾಜರಿ, ಹೋಮ್‌ವರ್ಕ್ ನೋಡುವುದು, ನಡುವೆ ಆಫೀಸಿನಿಂದ ಬರುವ ಸುತ್ತೋಲೆ. ಆಗಸ್ಟಿನಿಂದ ಪ್ರತಿಭಾ ಕಾರಂಜಿ, ಕ್ರೀಡಾಕೂಟ.

ಕೊಪ್ಪಳ ಮಾಸ್ತರ್

ಅಕ್ಕಾರ, ಆ 9ರ ಕಥೆ ಭಾರಿ ಆತು. ಬರೆದಿಟ್ಟುಕೊಂಡೆ.

ಹಾಸನದ ಅಪ್ಪ

ನಾನು ಟೀಚರ್ ಅಲ್ಲ, ಮಗಳು 7ನೇ ಕ್ಲಾಸು. ಪೋಷಕರ ಪಾಡೂ ಸ್ವಲ್ಪ ಕೇಳಿ. ಅವಳ ಪುಸ್ತಕ ತೆಗೆದು ಹೇಳಿಕೊಡೋಣ ಅಂತ ಕೂತರೆ ಅದರಲ್ಲಿ ಸೂತ್ರವೇ ಕಾಣುವುದಿಲ್ಲ. ‘ನಿನಗೆ ಏನನ್ನಿಸುತ್ತದೆ?’, ‘ಯಾಕೆ ಹೀಗಾಯಿತು?’ ಅಂತ ಕೇಳುತ್ತದೆ. ನನಗೇನನ್ನಿಸುತ್ತೆ, ನಾಳೆ ಬೆಳಿಗ್ಗೆ ಎಂಟಕ್ಕೆ ಬಸ್ಸು ಅನ್ನಿಸುತ್ತೆ!

ತಮಾಷೆ ಬಿಡಿ. ಶಾಲೆಯವರು ಪಾಠ ಹೊಸ ಪುಸ್ತಕದ್ದು ಮಾಡುತ್ತಾರೆ, ಪರೀಕ್ಷೆಗೆ ಬರುವುದು ಹಳೆಯ ಥರದ್ದೇ. ‘ಇವುಗಳ ಲ.ಸಾ.ಅ. ಕಂಡುಹಿಡಿಯಿರಿ’, ‘ಸುಲಭ ರೂಪಕ್ಕೆ ತನ್ನಿ’. ಮಕ್ಕಳು ಯಾವುದನ್ನು ನಂಬಬೇಕು? ಕೊನೆಗೆ ನಾನೂ ಎಲ್ಲರ ಹಾಗೆ ಗೈಡ್ ತಂದೆ, ಟ್ಯೂಷನ್‌ಗೆ ಹಾಕಿದೆ. ಟ್ಯೂಷನ್ ಸರ್ ಮೊದಲ ದಿನವೇ ಹೇಳಿದರು, ‘ಪುಸ್ತಕ ಮನೇಲೇ ಇಟ್ಟು ಬಾ’ ಅಂತ.

ಮೈಸೂರು ಟೀಚರ್

ಅಪ್ಪ ಅವರೇ, ನಿಮ್ಮ ಮಾತು ಚುಚ್ಚಿತು, ಯಾಕೆಂದರೆ ಆ ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನಾನೂ ಒಬ್ಬಳು. ‘ನಿನಗೆ ಏನನ್ನಿಸುತ್ತದೆ’ ಅನ್ನುವ ಪ್ರಶ್ನೆಗೆ 42 ಮಕ್ಕಳು 42 ಥರ ಬರೆಯುತ್ತಾರೆ. ತಿದ್ದಲು ಒಂದು ಭಾನುವಾರ ಸಾಲದು. ‘ಲ.ಸಾ.ಅ. ಕಂಡುಹಿಡಿಯಿರಿ’ ಅಂದರೆ ಒಂದೇ ಉತ್ತರ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಜೊತೆಗೆ ಅಂಕ ಯಾಕೆ ಕಡಿಮೆ ಕೊಟ್ಟಿರಿ ಅಂತ ಯಾರೂ ಜಗಳಕ್ಕೆ ಬರುವುದಿಲ್ಲ. ಇದು ಸರಿ ಅಂತ ಹೇಳುತ್ತಿಲ್ಲ. ಹೀಗೆ ನಡೆಯುತ್ತದೆ ಅಂತ ಹೇಳುತ್ತಿದ್ದೇನೆ.

ಫ್ರೀಮಾಂಟ್ ಕನ್ನಡಿಗ

ಇಲ್ಲಿ ಅಮೆರಿಕದಿಂದ ಒಂದು ಮಾತು. ಬೀಜಗಣಿತ ಯಾವ ತರಗತಿಗೆ ಬರಬೇಕು ಅನ್ನುವುದಕ್ಕೆ ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹತ್ತು ವರ್ಷ ಜಗಳ ಆಯಿತು. 2014ರಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 8ರಲ್ಲಿದ್ದ ಆಲ್‌ಜೀಬ್ರಾವನ್ನು 9ಕ್ಕೆ ಹಾಕಿದರು, ಎಲ್ಲ ಮಕ್ಕಳೂ ಒಟ್ಟಿಗೆ ಹೋಗಲಿ ಅಂತ. ದುಡ್ಡಿದ್ದವರು ಹೊರಗೆ ಫೀಸು ಕಟ್ಟಿ ಕಲಿಸಿಕೊಂಡರು. 2024ರಲ್ಲಿ ಊರಿನ ಜನ ವೋಟು ಹಾಕಿ 8ಕ್ಕೆ ವಾಪಸ್ ತನ್ನಿ ಅಂದರು, ಶಾಲಾ ಮಂಡಳಿಯೂ ಒಪ್ಪಿತು. ಹಾಸನದ ಅಪ್ಪ ಹೇಳಿದ ಟ್ಯೂಷನ್ ಕಥೆ ಓದಿ ಅದೇ ನೆನಪಾಯಿತು.

ಬೆಳಗಾವಿ ಗಣಿತ ಸರ್

ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಸರ್. ಅಲ್ಲಿ ಒಂದು ಇಡೀ ಕೋರ್ಸನ್ನೇ ಮುಂದೆ ಹಾಕಿದ್ದು. ಇಲ್ಲಿ 6ರ ಒಂದು ಚಿಕ್ಕ ಪರಿಚಯ ಪಾಠ 7ಕ್ಕೆ ಹೋಗಿದೆ. ಮೇಲಿನ ತರಗತಿಯಿಂದ ಕೆಳಗೆ ಬಂದದ್ದೂ ಇದೆ. ಎನ್‌ಸಿಇಆರ್‌ಟಿಯ 10ನೇ ತರಗತಿಯ ಪುಸ್ತಕಕ್ಕೆ ಕತ್ತರಿ ಹಾಕಿದಾಗ ಪೈಥಾಗೊರಸ್ ಪ್ರಮೇಯದ ಭಾಗ ಹೋಗಿತ್ತು, ನೆನಪಿದೆಯಲ್ಲ, ಎಷ್ಟು ಗಲಾಟೆ ಆಯಿತು. ಅದು ಈಗ 8ರಲ್ಲಿ ಬೌಧಾಯನ-ಪೈಥಾಗೊರಸ್ ಅಂತ ಒಂದು ಪೂರ್ತಿ ಪಾಠವಾಗಿ ಬಂದಿದೆ. ಆದರೆ ಟ್ಯೂಷನ್ ಮಾತು ಒಪ್ಪಿದೆ.

ಸುಮ್ನೆ ಓದುಗ

ಬೌಧಾಯನ, ವಿರಹಾಂಕ, ಬ್ರಹ್ಮಗುಪ್ತ... ಇದು ಗಣಿತದ ಪುಸ್ತಕವೋ ಇತಿಹಾಸದ್ದೋ? ನಮ್ಮವರೇ ಎಲ್ಲ ಕಂಡುಹಿಡಿದರು ಅಂತ ಹೇಳುವ ಚಟ ಬಿಟ್ಟು ಲೆಕ್ಕ ಹೇಳಿಕೊಡಿ.

ಶಿರಸಿ ಅಕ್ಕ

ಹೆಸರು ಹೇಳುವುದಕ್ಕೆ ನನ್ನ ಆಕ್ಷೇಪ ಇಲ್ಲ. ಯೂಕ್ಲಿಡ್, ಎರಟೋಸ್ಥೆನಿಸ್ ಅಂತ ಹೇಳುವಾಗ ಯಾರಿಗೂ ಇತಿಹಾಸ ಅನ್ನಿಸಲಿಲ್ಲ ಅಲ್ವಾ? ನನ್ನ ಆಸೆ ಬೇರೆ. ಅವರು ಎಡವಿದ್ದನ್ನೂ ಹಾಕಿ ಅಂತ.

ಬ್ರಹ್ಮಗುಪ್ತ 628ರಲ್ಲಿ ಧನ-ಋಣ ಸಂಖ್ಯೆಗಳ ನಿಯಮ ಬರೆದರು, ಅದ್ಭುತ. ಅವರೇ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದರು. ನಮ್ಮ ಮಳಖೇಡದ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 850ರ ಸುಮಾರಿಗೆ ಗಣಿತಸಾರಸಂಗ್ರಹ ಬರೆದರು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಆಗಲೇ ಹೇಳಿದವರು. ಅವರು ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂದರು! ನಮ್ಮ 7ನೇ ತರಗತಿಯ ಮಕ್ಕಳೂ ಸರಿಯಾಗಿ ಇವೇ ಎರಡು ಉತ್ತರ ಕೊಡುತ್ತಾರೆ. ‘ನೀನು ಮಹಾವೀರಾಚಾರ್ಯರ ಕಡೆ, ನೀನು ಬ್ರಹ್ಮಗುಪ್ತರ ಕಡೆ’ ಅಂತ ಕ್ಲಾಸನ್ನು ಎರಡು ಮಾಡಿ ವಾದ ಹೂಡಿಸಿದೆ. ತಪ್ಪು ಉತ್ತರ ಹೇಳಿದ ಮಕ್ಕಳಿಗೆ ಅವತ್ತು ನಾಚಿಕೆಯೇ ಆಗಲಿಲ್ಲ. 6 ಅನ್ನು 2ರಿಂದ ಭಾಗಿಸಿದರೆ 3, ಯಾಕೆಂದರೆ 3×2 ಸೇರಿ 6. ಹಾಗಾದರೆ 6 ಅನ್ನು ಸೊನ್ನೆಯಿಂದ ಭಾಗಿಸಿ 6 ಬಂದರೆ 6×0 ಎಷ್ಟಾಗಬೇಕು, ಸೊನ್ನೆ ಬಂದರೆ 0×0 ಎಷ್ಟಾಗಬೇಕು? ಇಬ್ಬರ ಕಡೆಯವರೂ ಸುಮ್ಮನಾದರು.

ಕೊಪ್ಪಳ ಮಾಸ್ತರ್

ಋಣ ಅಂದಿರಿ, ಒಂದು ಮಾತು ಹೇಳಲೇಬೇಕು. ಈ ಹೊಸ ಪುಸ್ತಕವನ್ನು ಜಾಲದಲ್ಲಿ ತೆರೆದು ನೋಡಿದೆ. 6ನೇ ತರಗತಿಯ ಕೊನೆಯ ಪಾಠದಲ್ಲಿ ಬೇಲಾಳ ಕಟ್ಟಡ ಅಂತ ಇದೆ. ಲಿಫ್ಟು ನೆಲದಿಂದ ಮೇಲೆ ಹೋದರೆ ಧನ, ನೆಲದ ಕೆಳಗೆ ಹೋದರೆ ಋಣ. ನಮ್ಮ ಹುಡುಗರಲ್ಲಿ ಲಿಫ್ಟು ಹತ್ತಿದವರು ಮೂರು ಮಂದಿ. ನೆಲದ ಕೆಳಗೆ ಹೋಗುವ ಲಿಫ್ಟು ಒಬ್ಬರೂ ನೋಡಿಲ್ಲ.

ಆದರೆ ಲಿಫ್ಟೇ ಯಾಕೆ ಬೇಕು. ನಮ್ಮ ಭಾಷೆಯಲ್ಲಿ ಅದರ ಹೆಸರೇ ಋಣ, ಅಂದರೆ ಸಾಲ. ಬ್ರಹ್ಮಗುಪ್ತರೂ ಆಸ್ತಿ, ಸಾಲ ಅಂತಲೇ ನಿಯಮ ಹೇಳಿದ್ದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. 50 ರೂಪಾಯಿ ಉದ್ರಿ ಇದೆ, ಅಪ್ಪ 30 ಕೊಟ್ಟು ಕಳಿಸಿದ, ಈಗ ಎಷ್ಟು? ‘ಇನ್ನೂ 20 ಕೊಡಬೇಕ್ರಿ’. ಅದೇ ಋಣ 20. ಅಂಗಡಿಯವನು ‘ಹೋಗ್ಲಿ ಬಿಡು, 20 ಬಿಟ್ಟೆ’ ಅಂದರೆ? ಸಾಲ ಕಳೆದರೆ ಕೂಡಿದ ಹಾಗೆ. ಋಣವನ್ನು ಕಳೆಯುವುದು ಧನವನ್ನು ಕೂಡುವುದು, ಇದಕ್ಕೆ ನಾನು ಎಷ್ಟು ವರ್ಷ ಸಂಖ್ಯಾರೇಖೆ ಎಳೆದೆನೋ ಏನೋ.

ಇನ್ನೊಂದು. ನಾವು ಭಿನ್ನರಾಶಿ ಓದುವುದು ‘ಮೂರನೇ ಎರಡು’ ಅಂತ. ಪತ್ರಿಕೆಯಲ್ಲಿ ಮೂರನೇ ಎರಡರಷ್ಟು ಬಹುಮತ ಅಂತ ಬರುತ್ತದಲ್ಲ. ಮೊದಲು ಛೇದ, ಆಮೇಲೆ ಅಂಶ. ಮೊದಲು ಎಷ್ಟು ಪಾಲು ಮಾಡಿದಿರಿ, ಆಮೇಲೆ ಎಷ್ಟು ಪಾಲು ತಗೊಂಡಿರಿ. ರೊಟ್ಟಿ ಹರಿಯುವಾಗ ಕೈ ಮಾಡುವುದೂ ಅದೇ ಕ್ರಮದಲ್ಲಿ. ಇಂಗ್ಲಿಷಿನಲ್ಲಿ ಮೇಲಿನದ್ದು ಮೊದಲು. ನಾಳೆ ರಾಜ್ಯ ತನ್ನದೇ ಪುಸ್ತಕ ಬರೆಸಿದರೂ ಇದನ್ನು ಇಂಗ್ಲಿಷಿನಲ್ಲಿ ಬರೆಸಿ ಆಮೇಲೆ ಕನ್ನಡಕ್ಕೆ ತಿರುಗಿಸಬೇಡಿ ಅಂತ ನನ್ನ ಅರ್ಜಿ. ಯಾರು ಕೇಳುತ್ತಾರೋ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು

ಕೊಪ್ಪಳದವರೇ, ನಲವತ್ತು ಲೆಕ್ಕ ಬೇಕು ಅಂದವರು ನೀವೇ, ಈಗ ನೋಡಿ! ಆದರೆ ಉದ್ರಿ ಲೆಕ್ಕ ಕೇಳಿ ಖುಷಿಯಾಯಿತು. ನಮ್ಮ ಮೇಷ್ಟ್ರು ಸೇರು, ಅಚ್ಚೇರು, ಪಾವು, ಚಟಾಕು ಅಂತ ರಾಗಿ ಅಳೆದು ತೋರಿಸುತ್ತಿದ್ದರು. ಮಗ್ಗಿಯನ್ನು ಬರೀ ಕೂಗಿಸಿದರು ಅಂತ ನಾನು ಬರೆದದ್ದು ಪೂರ್ತಿ ಸರಿಯಲ್ಲ. ಅಳೆಯುವುದೂ ಇತ್ತು.

ಕೊಪ್ಪಳ ಮಾಸ್ತರ್

ವರದಿ ಒಪ್ಪಿಸುತ್ತಿದ್ದೇನೆ. ಇವತ್ತು 8ನೇ ತರಗತಿಯಲ್ಲಿ ಆ ಇಡ್ಲಿ-ವಡೆ ಆಡಿಸಿದೆ. ಭಾಗಾಕಾರ ಬಾರದ ಅದೇ ಅರ್ಧ ಕ್ಲಾಸ್. ನಮ್ಮ ಕಡೆ ರೊಟ್ಟಿ-ಪಲ್ಯ ಅಂತ ಮಾಡಿಕೊಂಡೆವು. ಮೊದಲು 3 ಮತ್ತು 5ಕ್ಕೆ. 15ಕ್ಕೆ ರೊಟ್ಟಿ-ಪಲ್ಯ ಬಂತು, ಆಮೇಲೆ 30, 45. ‘ಎರಡನ್ನೂ ಗುಣಿಸಿದರೆ ಆತ್ರಿ ಸರ್’ ಅಂತ ಒಬ್ಬ ಸೂತ್ರ ಹೇಳಿಯೇಬಿಟ್ಟ. ಎಲ್ಲರೂ ಹೂಂ ಅಂದರು.

ಸರಿ, ಈಗ 4ಕ್ಕೆ ರೊಟ್ಟಿ, 6ಕ್ಕೆ ಪಲ್ಯ ಅಂದೆ. ಸೂತ್ರದ ಹುಡುಗ 24ಕ್ಕೆ ಕಾಯುತ್ತಾ ಕೂತ. 12 ಬಂದಾಗ ಸರದಿ ಬಂದ ಹುಡುಗಿ ‘ರೊಟ್ಟಿ-ಪಲ್ಯ’ ಅಂದಳು. ಅವನು ‘ನೀ ಔಟ್’ ಅಂತ ಎದ್ದು ನಿಂತ. ಅವಳು ಬಿಡಲಿಲ್ಲ, ಬೆರಳು ಮಡಚಿ ನಾಲ್ಕರ ಮಗ್ಗಿ ಹೇಳಿದಳು, ಆರರ ಮಗ್ಗಿ ಹೇಳಿದಳು. ಆ ಹುಡುಗಿ ಜೂನ್‌ನಿಂದ ಗಣಿತದ ಪೀರಿಯಡ್‌ನಲ್ಲಿ ನನ್ನ ಕಡೆ ಮುಖ ಎತ್ತಿ ನೋಡಿದವಳಲ್ಲ. 3 ಮತ್ತು 5ರಲ್ಲೇ ನಿಲ್ಲಿಸಿದ್ದರೆ ಆ ತಪ್ಪು ಸೂತ್ರ ಹಾಗೇ ಉಳಿದುಬಿಡುತ್ತಿತ್ತು ಅನ್ನುವುದು ನನಗೂ ಆಗಲೇ ಹೊಳೆದದ್ದು.

ಆದರೆ ಮೇಷ್ಟ್ರೇ, ನೀವು ಗೆದ್ದಿರಿ. ಮಗ್ಗಿ ಬಾರದ ಏಳೆಂಟು ಮಂದಿ ಮೊದಲ ಸುತ್ತಿನಲ್ಲೇ ಔಟ್ ಆಗಿ ಗೋಡೆ ಪಕ್ಕ ಕೂತರು. ಆಟ ಅವರಿಗೆ ಇರಲೇ ಇಲ್ಲ. ನಾಳೆಯಿಂದ ಔಟ್ ಅನ್ನುವುದು ತೆಗೆದುಹಾಕುತ್ತೇನೆ. ತಪ್ಪಿದವರು ಪಕ್ಕದವರನ್ನು ಕೇಳಿ ಮತ್ತೆ ಹೇಳಬೇಕು, ಅಷ್ಟೇ.

ಮೈಸೂರು ಟೀಚರ್

ಸರ್, ಔಟ್ ತೆಗೆಯುವ ಮಾತು ನನಗೆ ತೋಚಿರಲೇ ಇಲ್ಲ. ನನ್ನ ಕ್ಲಾಸಲ್ಲಿ ಗೋಡೆ ಪಕ್ಕ ಯಾರು ಕೂತಿದ್ದರು ಅಂತ ಈಗ ಯೋಚಿಸುತ್ತಿದ್ದೇನೆ. ಗಲಾಟೆ ಜೋರಾಗಿತ್ತು, ಎಲ್ಲರೂ ಆಡುತ್ತಿದ್ದಾರೆ ಅಂದುಕೊಂಡಿದ್ದೆ.

ಕೊಪ್ಪಳ ಮಾಸ್ತರ್

ಮೇಡಂ, ನಿಮ್ಮ ಆ ಜೆರಾಕ್ಸ್ ಹಾಳೆಗಳಿದ್ದರೆ ಕಳಿಸ್ರಿ. ಕನ್ನಡಕ್ಕೆ ನಾನೇ ಮಾಡಿಕೊಳ್ಳುತ್ತೇನೆ. ಹೊಸ ಪುಸ್ತಕದ ಆ ‘ಸೂಪರ್‌ಸೆಲ್’ಗೆ ಮಾತ್ರ ಕನ್ನಡದಲ್ಲಿ ಏನನ್ನಬೇಕು ತಿಳಿಯಲಿಲ್ಲ. ಕೋಷ್ಟಕದಲ್ಲಿ ಅಕ್ಕಪಕ್ಕದ ಮನೆಯ ಸಂಖ್ಯೆಗಳಿಗಿಂತ ದೊಡ್ಡ ಸಂಖ್ಯೆ ಇರುವ ಮನೆ ಅಲ್ಲವೇ ಅದು?

ಶಿರಸಿ ಅಕ್ಕ

ನಮ್ಮ ಮಕ್ಕಳು ‘ದೊಡ್ಮನೆ’ ಅಂತಾರೆ. ಬಿಗ್ ಬಾಸ್ ನೋಡಿದ್ದರ ಫಲ.

ಮೈಸೂರು ಟೀಚರ್

ದೊಡ್ಮನೆಯೇ ಇರಲಿ! ಸರ್, ಭಿನ್ನರಾಶಿ ಮತ್ತು ಪೂರ್ಣಾಂಕದ ಹಾಳೆಗಳು ಇವತ್ತೇ ಕಳಿಸುತ್ತೇನೆ, ಒಟ್ಟು 11 ಪುಟ. ದಶಮಾಂಶದ್ದು ಕೈಬರಹದಲ್ಲಿದೆ, ಭಾನುವಾರ ಟೈಪ್ ಮಾಡಬೇಕು. ಪೂರ್ಣಾಂಕದ ಹಾಳೆಯಲ್ಲಿ ಎಲ್ಲಾ ಕಡೆ ಲಿಫ್ಟ್ ಇದೆ, ಅದನ್ನೆಲ್ಲ ಉದ್ರಿ ಮಾಡಿ ನನಗೂ ಒಂದು ಪ್ರತಿ ವಾಪಸ್ ಕಳಿಸಿ.